ಮನೆಯ ಮಾತು ಹೊಸ್ತಿಲು ದಾಟಿದರೆ

ಮನೆಯ ಮಾತು ಹೊಸ್ತಿಲು ದಾಟಬಾರದೆಂಬುದು ನಮ್ಮ ಹಿರಿಯರ ಕಟ್ಟಳೆ. ಅದರಿಂದ ಎಷ್ಟೋ ಮನೆತನಗಳ ಮಾನ ಉಳಿದಿರಬಹುದು. ಎಷ್ಟೋ ಹೆಣ್ಣುಮಕ್ಕಳ ಅಳಲು ಒಲೆಯ ಹೊಗೆಯೊಡನೆ ಹೋಗಿಬಿಟ್ಟದ್ದೂ ಅದರಿಂದಲೇ. ತೀರಿಹೋದ ಅಜ್ಜಿಯ, ಅತ್ತೆಯ ಕಥೆಯನ್ನು ಮನೆಮಗಳೊಬ್ಬಳು ಬರೆದು ಲೋಕದ ಮುಂದಿಟ್ಟರೆ ಅದು ನ್ಯಾಯವೋ, ಮನೆತನಕ್ಕೆ ಬಗೆದ ದ್ರೋಹವೋ?

1976ರಲ್ಲಿ ಇಂಥ ಎರಡು ಪುಸ್ತಕಗಳು ಭೂಮಿಯ ಎರಡು ಕಡೆ ಹೊರಬಂದವು. ಒಂದು, ನಮ್ಮ ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’. ಇನ್ನೊಂದು, ಕ್ಯಾಲಿಫೋರ್ನಿಯಾಕ್ಕೆ ವಲಸೆಹೋದ ಚೀನೀ ದಂಪತಿಗಳ ಮಗಳು ಮ್ಯಾಕ್ಸೀನ್ ಹಾಂಗ್ ಕಿಂಗ್‌ಸ್ಟನ್ ಬರೆದ ‘ದಿ ವುಮನ್ ವಾರಿಯರ್’. ಆತ್ಮಕಥನವೆಂದು ಪ್ರಕಟವಾದರೂ ಇದರಲ್ಲಿ ಕಲ್ಪನೆಯ ಪಾಲು ಕಡಿಮೆಯಿಲ್ಲ. ಎರಡರಲ್ಲೂ ತಾಯಿ ಹೇಳಿದ ಕಥೆಯನ್ನು ಮಗಳು ಬರೆದಿದ್ದಾಳೆ.

ಕಿಂಗ್‌ಸ್ಟನ್ ಮೊದಲಿಗೇ ಹೇಳುವುದು ಚೀನದಲ್ಲಿದ್ದ ಸೋದರತ್ತೆಯ ಸಂಗತಿ. ಗಂಡ ಅಮೆರಿಕಕ್ಕೆ ದುಡಿಯಲು ಹೋಗಿ ವರ್ಷಗಳಾದ ಮೇಲೆ ಆಕೆ ಬಸುರಾದಳು. ಹೆರಿಗೆಯ ರಾತ್ರಿ ಊರವರು ನುಗ್ಗಿ ಮನೆಯನ್ನು ಧ್ವಂಸ ಮಾಡಿದರು. ಹಂದಿಯ ಗೂಡಿನಲ್ಲಿ ಹೆತ್ತ ಆಕೆ ಕೂಸಿನೊಡನೆ ಬಾವಿಗೆ ಬಿದ್ದಳು. ಬಸುರಿಗೆ ಕಾರಣನಾದವನ ಹೆಸರನ್ನು ಕೊನೆಯವರೆಗೂ ಬಾಯಿಬಿಡಲಿಲ್ಲ. (ಅವನ ಮನೆಗೆ ಯಾರೂ ನುಗ್ಗಲಿಲ್ಲ, ಯಾವ ದೇಶವಾದರೇನು!) ಮನೆಯವರು ಆಕೆ ಹುಟ್ಟಿಯೇ ಇರಲಿಲ್ಲವೆಂಬಂತೆ ನಡೆದುಕೊಂಡರು. ಮಗಳು ಮೈನೆರೆದಾಗ ತಾಯಿ ಎಚ್ಚರಿಕೆಗೆಂದು ಇದನ್ನು ಹೇಳಿ, ಯಾರಿಗೂ ಹೇಳಕೂಡದೆಂದೂ ಕಟ್ಟಪ್ಪಣೆ ಮಾಡಿದಳು. ಊರವರ ದಾಳಿಗಿಂತ ಮನೆಯವರ ಈ ಮರೆವೇ ದೊಡ್ಡ ಶಿಕ್ಷೆಯೆಂದು ಬಗೆದು ಮಗಳು ಬರೆದಳು. ಆದರೂ ಆಕೆಗೊಂದು ಅಳುಕು: ತಾನು ಹೀಗೆ ಗುಟ್ಟು ರಟ್ಟುಮಾಡಿದ್ದು ಅತ್ತೆಯ ಆತ್ಮಕ್ಕೆ ಒಪ್ಪಿಗೆಯೇ?

ಈ ಅಳುಕು ಸಣ್ಣದಲ್ಲ. ಮೌನವಾಗಿ ಸತ್ತವಳ ಪರವಾಗಿ ಮಾತನಾಡುವವರು ತಮ್ಮ ಮಾತನ್ನೇ ಅವಳ ಬಾಯಲ್ಲಿ ಇಡುವ ಅಪಾಯವಿದೆ. ಫಣಿಯಮ್ಮನ ವಿಷಯ ಬೇರೆ. ಮಲೆನಾಡಿನ ಆ ಬಾಲವಿಧವೆ ತನ್ನ ಬಾಳನ್ನು ಇಂದಿರಾ ಅವರ ತಾಯಿಗೆ ತಾನೇ ಹೇಳಿಕೊಂಡವಳು. ತನಗಾದ ಕೇಶಮುಂಡನವನ್ನು ಸದ್ದಿಲ್ಲದೆ ಸಹಿಸಿದ ಆಕೆ, ಮುಂದೆ ದಾಕ್ಷಾಯಿಣಿಯೆಂಬ ಎಳೆಯ ವಿಧವೆ ತಲೆ ಬೋಳಿಸಿಕೊಳ್ಳಲು ಒಪ್ಪದೆ ನಿಂತಾಗ ಆ ಹುಡುಗಿಯ ಪರ ವಹಿಸುತ್ತಾಳೆ. ಮಡಿಯಲ್ಲಿ ಬಾಳು ಸವೆಸಿದ ಹಿರಿಯಳ ಮಾತಾದ್ದರಿಂದಲೇ ಅದಕ್ಕೆ ತೂಕ. ಫಣಿಯಮ್ಮನ ಕೂದಲು ಮರಳಲಿಲ್ಲ. ಆಕೆಯ ಮಾತಿನ ಫಲ ಮುಂದಿನವಳಿಗೆ ದಕ್ಕಿತು.

ಮಾತಾಡಿದ ಮಾತ್ರಕ್ಕೆ ನ್ಯಾಯ ಸಿಕ್ಕೀತೆಂದೂ ಅಲ್ಲ. ತ್ರಿವೇಣಿಯವರ ‘ಶರಪಂಜರ’ದ ಕಾವೇರಿ ಗುಣವಾಗಿ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೂ ಆಕೆಯ ಮಾತಿನಲ್ಲೆಲ್ಲ ಜನ ಹುಚ್ಚನ್ನೇ ಹುಡುಕುತ್ತಾರೆ. ಕೇಳುವ ಕಿವಿಯೇ ಇಲ್ಲದಲ್ಲಿ ಬಾಯಿದ್ದೇನು ಫಲ?

ನಮ್ಮ ಪುಣೆಗೆ ಈ ವಿಷಯ ಹೊಸದಲ್ಲ. ಪಶ್ಚಿಮಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ 1882ರಲ್ಲಿ ಇಲ್ಲಿಯೇ ಹಂಟರ್ ಆಯೋಗದ ಮುಂದೆ ನಿಂತು ಹೆಣ್ಣುಮಕ್ಕಳಿಗೆ ಶಿಕ್ಷಕಿಯರು, ವೈದ್ಯೆಯರು ಬೇಕೆಂದು ವಾದಿಸಿದ್ದರು. ಅವರ ಶಾರದಾ ಸದನದಲ್ಲಿ ಕಲಿತ ವಿಧವೆ ಗೋದೂಬಾಯಿಯನ್ನು ಧೋಂಡೋ ಕೇಶವ ಕರ್ವೆ 1893ರಲ್ಲಿ ಮದುವೆಯಾದರು.

ಇನ್ನು ನಮ್ಮ ಮನೆಗಳು. ಇಲ್ಲಿಗೆ ಬಂದು ನೆಲೆಸಿದ ಕನ್ನಡ ಕುಟುಂಬಗಳಲ್ಲಿ ಅಜ್ಜಿಯರ ಕಥೆ ಕನ್ನಡದಲ್ಲಿದೆ. ಮೊಮ್ಮಕ್ಕಳ ಓದುಬರಹ ಮರಾಠಿಯಲ್ಲಿ, ಇಂಗ್ಲಿಷಿನಲ್ಲಿ. ಕಿಂಗ್‌ಸ್ಟನ್ ಕೂಡ ತಾಯಿ ಚೀನೀ ಭಾಷೆಯಲ್ಲಿ ಹೇಳಿದ್ದನ್ನು ಇಂಗ್ಲಿಷಿನಲ್ಲೇ ಬರೆದಳು. ಮೊಮ್ಮಗಳು ಯಾವ ಭಾಷೆಯಲ್ಲಾದರೂ ಬರೆಯಲಿ, ನಮ್ಮ ಅಭ್ಯಂತರವಿಲ್ಲ. ಅಜ್ಜಿ ಇರುವಾಗಲೇ ಪಕ್ಕದಲ್ಲಿ ಕುಳಿತು ಕೇಳಲಿ, ಯಾವುದನ್ನು ಬರೆಯಬಹುದು, ಯಾವುದನ್ನು ಬಿಡಬೇಕು ಎಂಬುದನ್ನೂ ಆಕೆಯನ್ನೇ ಕೇಳಲಿ.