ಕೊಟ್ಟ ಮಾತು, ಕೂಡಿಡದ ಹಣ

ಬೆಳಗಾವಿಯ ಕೋಟೆಯೊಳಗಿನ ಕಮಲ ಬಸದಿಯನ್ನು ದರ್ಶಿಸದ ಶ್ರಾವಕರು ಈ ಭಾಗದಲ್ಲಿ ವಿರಳ. ರಟ್ಟರ ನಾಲ್ವಡಿ ಕಾರ್ತವೀರ್ಯನ ಕಾಲದಲ್ಲಿ ಬೀಚಿರಾಜನು ಜಿನಾಲಯವನ್ನು ಕಟ್ಟಿಸಿದಾಗ, ಪೂಜೆಯು ಮುಂದೆಯೂ ನಿಲ್ಲದಿರಲೆಂದು ಶುಭಚಂದ್ರ ಭಟ್ಟಾರಕರಿಗೆ ಭೂದತ್ತಿ ಸಂದುದನ್ನು 1204ರ ಶಾಸನವು ಸಾರುತ್ತದೆ. ಸಂಕಲ್ಪವನ್ನು ಮಾಡಿದವರು ಅದನ್ನು ನಡೆಸುವ ಆಧಾರವನ್ನೂ ಒದಗಿಸಿದರು.

ಇಂದು ನಾಡನ್ನು ಕಾಡುತ್ತಿರುವ ನಿವೃತ್ತಿವೇತನದ ಪ್ರಶ್ನೆಯನ್ನು ಈ ದೃಷ್ಟಿಯಿಂದ ವಿಚಾರಿಸಬಹುದು. ಹಳೆಯ ಪದ್ಧತಿಯಲ್ಲಿ ಪೂರ್ಣಾವಧಿ ಸೇವೆ ಸಲ್ಲಿಸಿದ ಸರ್ಕಾರಿ ನೌಕರನಿಗೆ ಕೊನೆಯ ಮೂಲವೇತನದ ಅರ್ಧದಷ್ಟು ಜೀವನಪರ್ಯಂತ ದೊರೆಯುತ್ತದೆ. ಇದು ದಯೆಯಿಂದ ಕೊಡುವ ದಾನವಲ್ಲ, ಸೇವೆಗೆ ಪ್ರತಿಯಾಗಿ ಸಲ್ಲಬೇಕಾದ ಹಕ್ಕು ಎಂದು ಸರ್ವೋಚ್ಚ ನ್ಯಾಯಾಲಯವು 1982ರ ಡಿಸೆಂಬರ್ 17ರಂದು ನಕಾರಾ ಪ್ರಕರಣದಲ್ಲಿ ತೀರ್ಪಿತ್ತಿತು. ಆದರೆ ಈ ಋಣಕ್ಕೆಂದು ನಿಧಿಯನ್ನು ಕೂಡಿಡಲಿಲ್ಲ. ಅಂದು ದುಡಿದವರಿಗೆ ಇಂದಿನ ತೆರಿಗೆಯಿಂದ ಕೊಡಲಾಗುತ್ತದೆ.

ಭಾರ ಹೆಚ್ಚಿದಾಗ ಕರ್ನಾಟಕ ಸರ್ಕಾರವು 2006ರ ಏಪ್ರಿಲ್ 1ರಿಂದ ಸೇವೆಗೆ ಸೇರುವವರಿಗೆ ಹೊಸ ಪದ್ಧತಿಯನ್ನು ತಂದಿತು. ಅದರಲ್ಲಿ ನೌಕರನೂ ಸರ್ಕಾರವೂ ಪ್ರತಿ ತಿಂಗಳು ವಂತಿಗೆ ಕಟ್ಟುತ್ತಾರೆ. ನಿಧಿಯುಂಟು, ಆದರೆ ಇಷ್ಟೇ ದೊರೆಯುವುದೆಂಬ ಭರವಸೆಯಿಲ್ಲ. ಖಾನಾಪುರ ತಾಲೂಕಿನ ಒಂದು ಶಾಲೆಯಲ್ಲಿ ಇಬ್ಬರು ಶಿಕ್ಷಕರನ್ನು ಕಲ್ಪಿಸಿಕೊಳ್ಳೋಣ. ಒಬ್ಬರು 2006ರ ಫೆಬ್ರವರಿಯಲ್ಲಿ ಸೇರಿದವರು, ಮತ್ತೊಬ್ಬರು ಜೂನ್‌ನಲ್ಲಿ. ಮಳೆ, ಕಾಡುದಾರಿ, ಮಕ್ಕಳು, ಪಾಠ ಎಲ್ಲವೂ ಸಮಾನ. ಮುಪ್ಪು ಮಾತ್ರ ಬೇರೆ ಬೇರೆ. ಕಿರಿಯರ ಅಳಲನ್ನು ಅತಿಯಾಸೆಯೆನ್ನಲಾಗದು.

ಇನ್ನೊಂದು ಪಕ್ಷವನ್ನೂ ಕೇಳಬೇಕು. ಅನೇಕಾಂತವು ಕಲಿಸುವುದು ಇದನ್ನೇ. ಬೆಳಗಾವಿಯ ಮಹಾನಗರಪಾಲಿಕೆಯಾಗಲಿ, ಖಾನಾಪುರದ ಪಟ್ಟಣ ಪಂಚಾಯಿತಿಯಾಗಲಿ ಸ್ವಂತ ತೆರಿಗೆಯೊಂದರಿಂದಲೇ ನಡೆಯುವುದಿಲ್ಲ. ರಾಜ್ಯದ ಅನುದಾನವನ್ನು ನೆಚ್ಚಿವೆ. ಬೊಕ್ಕಸದಲ್ಲಿ ವೇತನ, ನಿವೃತ್ತಿವೇತನ, ಬಡ್ಡಿಗಳು ಮೊದಲು ಕಳೆದು, ಉಳಿದುದರಲ್ಲಿ ನೀರು, ಚರಂಡಿ, ಬೀದಿದೀಪಗಳಾಗಬೇಕು. ಅಮೆರಿಕದ ಡೆಟ್ರಾಯಿಟ್ ನಗರವು 2013ರ ಜುಲೈ 18ರಂದು ಸುಮಾರು 1,800 ಕೋಟಿ ಡಾಲರ್ ಹೊರೆಯೊಡನೆ ದಿವಾಳಿ ಅರ್ಜಿ ಸಲ್ಲಿಸಿತು. ಮುಂದೆ ಸಾಮಾನ್ಯ ನಿವೃತ್ತ ನೌಕರರ ಮಾಸಾಶನದಲ್ಲಿಯೇ ಶೇಕಡಾ 4.5ರಷ್ಟು ಕಡಿತವಾಯಿತು. ಕೂಡಿಡದ ಮಾತು ಕೊನೆಗೆ ಮುದುಕರ ತಟ್ಟೆಗೇ ಕೈಹಾಕಿತು.

ಹಾಗಾದರೆ ದೋಷವೆಲ್ಲಿ? ಅಚೌರ್ಯಾಣುವ್ರತಕ್ಕೆ ತತ್ತ್ವಾರ್ಥಸೂತ್ರವು ಎಣಿಸಿರುವ ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮವೂ ಹೀನಾಧಿಕಮಾನೋನ್ಮಾನವೂ ಸೇರಿವೆ. ಕೊಡಬೇಕಾದ ತೆರಿಗೆಯನ್ನು ತಪ್ಪಿಸುವುದು ಮೊದಲನೆಯದಕ್ಕೆ ಸಮೀಪ. ಇಂದು ಮೆಚ್ಚುಗೆ ಪಡೆಯಲು ಹಿರಿದಾಗಿ ಅಳೆದುಕೊಟ್ಟು, ಅದರ ಬೆಲೆಯನ್ನು ಇನ್ನೂ ಹುಟ್ಟದ ಮಕ್ಕಳ ಲೆಕ್ಕಕ್ಕೆ ಬರೆಯುವುದು ಎರಡನೆಯದಕ್ಕೆ ಸಮೀಪ. ಆ ಮಕ್ಕಳು ಅದನ್ನು ಕೊಟ್ಟವರಲ್ಲ; ಕೊಡದುದನ್ನು ತೆಗೆದುಕೊಳ್ಳುವುದೇ ಅದತ್ತಾದಾನ. ಹಾಗೆಂದು ದುಡಿಸಿಕೊಂಡ ಬಳಿಕ ಮಾತನ್ನು ಮುರಿಯುವುದೂ ಅದತ್ತಾದಾನವೇ. ಆದುದರಿಂದ ಕೊಟ್ಟ ಮಾತನ್ನು ಪೂರ್ತಿ ಸಲ್ಲಿಸಬೇಕು, ಮುಂದಿನ ಮಾತನ್ನು ಶಕ್ತಿಯರಿತು ಪರಿಮಾಣ ಮಾಡಬೇಕು, ಮಾತು ಕೊಟ್ಟ ದಿನದಿಂದಲೇ ಕೂಡಿಡಬೇಕು. ವಂತಿಗೆಯೊಡನೆ ಖಚಿತ ಮೊತ್ತವನ್ನೂ ಇರಿಸಿರುವ, ಕೇಂದ್ರವು 2025ರ ಏಪ್ರಿಲ್ 1ರಿಂದ ಜಾರಿಗೊಳಿಸಿದ ಏಕೀಕೃತ ಯೋಜನೆಯು ಈ ದಿಕ್ಕಿನ ಒಂದು ಪ್ರಯತ್ನ.

ಸರ್ಕಾರವನ್ನು ಪ್ರಶ್ನಿಸುವ ಮುನ್ನ ನಮ್ಮ ಬಸದಿಗಳ ಲೆಕ್ಕಪುಸ್ತಕವನ್ನೂ ತೆರೆಯೋಣ. ಮೂವತ್ತು ವರ್ಷ ಅಭಿಷೇಕ ನೆರವೇರಿಸಿದ ಪುರೋಹಿತರಿಗೆ, ಅಂಗಳ ಗುಡಿಸಿದ ತಾಯಿಗೆ, ಕೈಕಾಲು ಸೋತ ದಿನ ನಾವು ಏನನ್ನು ತೆಗೆದಿಟ್ಟಿದ್ದೇವೆ? ಪಂಚಕಲ್ಯಾಣಕ್ಕೆ ಲಕ್ಷಗಟ್ಟಲೆ ಕೂಡಿಸಬಲ್ಲ ಟ್ರಸ್ಟುಗಳು ಅವರ ಮುಪ್ಪಿಗೆಂದು ವಾರ್ಷಿಕ ಆಯವ್ಯಯದಲ್ಲಿ ಒಂದು ಸಾಲನ್ನು ಬರೆಯಲಾರವೇ? ಎಂಟು ಶತಮಾನಗಳ ಹಿಂದೆ ನಮ್ಮ ಹಿರಿಯರು ಆ ಸಾಲನ್ನು ಕಲ್ಲಿನಲ್ಲಿ ಬರೆಸಿದ್ದರು.