ಯಾರ ದೀಪ ಮೊದಲು?

ಸೂರ್ಯನಿಗೆ ಪಕ್ಷಪಾತವಿಲ್ಲವೆನ್ನುತ್ತೇವೆ. ಅವನ ಕೋಪಕ್ಕೂ ಇಲ್ಲ. 1989ರ ಮಾರ್ಚ್ 13ರಂದು ಸೌರಬಿರುಗಾಳಿಯೊಂದು ಭೂಮಿಯ ಕಾಂತಕ್ಷೇತ್ರವನ್ನು ಕದಡಿದಾಗ, ಕೆನಡಾದ ಕ್ವಿಬೆಕ್ ಪ್ರಾಂತದ ವಿದ್ಯುಜ್ಜಾಲ ಒಂದೂವರೆ ನಿಮಿಷದಲ್ಲಿ ಕುಸಿಯಿತು. 60 ಲಕ್ಷ ಜನಕ್ಕೆ ಸುಮಾರು 9 ತಾಸು ಕತ್ತಲೆ. ಕಾಂತಕ್ಷೇತ್ರ ತುಯ್ದಾಡಿದರೆ ನೆಲದಲ್ಲಿ ವಿದ್ಯುತ್ತು ಹರಿಯುತ್ತದೆ. ಅದು ಭೂಸಂಪರ್ಕದ ತಂತಿಯಿಂದ ಮೇಲೇರಿ ದೊಡ್ಡ ಟ್ರಾನ್ಸ್‌ಫಾರ್ಮರುಗಳನ್ನು ಕೆಡಿಸುತ್ತದೆ.

ಧ್ರುವಗಳಿಂದ ದೂರವಿರುವ ನಮಗೆ ಅಪಾಯ ಕಡಿಮೆ, ನಿಜ. ಆದರೆ 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ ಮಾರ್ಗ ಕೂಡಿದಂದಿನಿಂದ ದೇಶಕ್ಕೆಲ್ಲ ಒಂದೇ ಜಾಲ. ಎಲ್ಲಿಯೋ ಕೆಟ್ಟರೆ ಇಲ್ಲಿಯೂ ಹೊರೆ ಇಳಿಸಬೇಕಾದೀತು. ಬಿರುಗಾಳಿ ಸೂರ್ಯನದು, ಯಾರ ದೀಪ ಆರಬೇಕೆಂಬ ತೀರ್ಮಾನ ಮಾತ್ರ ಮನುಷ್ಯರದು.

ಕಲಘಟಗಿ ತಾಲೂಕಿನ ದುಮ್ಮವಾಡವನ್ನೇ ನೋಡಿ. ಅದರ ಬಳಿಯ ನೀರಸಾಗರ ದಶಕಗಳ ಕಾಲ ಹುಬ್ಬಳ್ಳಿಗೆ ನೀರುಣಿಸಿದ ಕೆರೆ. ಹೀಗಿದ್ದೂ ವಿದ್ಯುತ್ತು ಸಾಲದಾದಾಗ ಮೊದಲು ಕತ್ತಲಾಗುವುದು ಸಾಮಾನ್ಯವಾಗಿ ಹಳ್ಳಿಯೇ. ಪಂಪ್‌ಸೆಟ್ಟಿಗೂ ಗೊತ್ತುಪಡಿಸಿದ ತಾಸುಗಳಷ್ಟೇ. ಪೇಟೆಯಲ್ಲಿ ಆಸ್ಪತ್ರೆಗಳಿವೆಯಲ್ಲ ಎನ್ನುತ್ತೇವೆ. ಸುಳ್ಳಲ್ಲ. ಆದರೆ ಆಸ್ಪತ್ರೆಯ ಮರೆಯಲ್ಲಿ ನಮ್ಮ ಅಂಗಡಿಗಳ ಅಲಂಕಾರದೀಪಗಳೂ ನುಸುಳಿಬಿಡುತ್ತವೆ!

2024ರ ಜನವರಿಯಿಂದ ನಮ್ಮ ಆದಿತ್ಯ-ಎಲ್1 ನೌಕೆ 15 ಲಕ್ಷ ಕಿಲೋಮೀಟರು ಆಚೆ ಸೂರ್ಯನನ್ನು ಕಾಯುತ್ತಿದೆ. ಬಿರುಗಾಳಿ ಅಲ್ಲಿಂದ ಭೂಮಿಯನ್ನು ಮುಟ್ಟಲು ಹಿಡಿಯುವುದು ಸುಮಾರು ಒಂದು ತಾಸು. ವೇಗ ಹೆಚ್ಚಿದ್ದರೆ ಇನ್ನೂ ಕಡಿಮೆ. ಆ ಗಡಿಬಿಡಿಯಲ್ಲಿ ನ್ಯಾಯ ವಿಚಾರಿಸುವವರು ಯಾರು? ಕೈ ರೂಢಿಯಂತೆ ಹಳ್ಳಿಯ ಫೀಡರಿನತ್ತಲೇ ಚಾಚುತ್ತದೆ. ಆದ್ದರಿಂದ ಆರಿಸುವ ಸರದಿಯ ಪಟ್ಟಿಯನ್ನು ಆಕಾಶ ತಿಳಿಯಾಗಿರುವಾಗಲೇ ಬರೆದಿಡಬೇಕು; ಅದರಲ್ಲಿ ಹುಬ್ಬಳ್ಳಿಯ ಅಂಗಡಿಬೀದಿಗಳ ಹೆಸರು ದುಮ್ಮವಾಡದ ಹೆಸರಿಗಿಂತ ಮೊದಲು ಬರಲಿ.