ಕೊಂಡ ವಸ್ತು ಯಾರದು?

ಹೋದ ರಜೆಯಲ್ಲಿ ರೋಣದ ನಮ್ಮ ಮನೆಗೆ ಬಂದಿದ್ದ ಅಕ್ಕನ ಮಗ ತನ್ನ ವಿಡಿಯೋ ಗೇಮಿನ ಕಂಟ್ರೋಲರನ್ನು ನನ್ನ ಮುಂದಿಟ್ಟು, "ಮಾಮಾ, ನಾ ಮುಟ್ಟೇ ಇಲ್ಲ, ತಾನ ಎಡಕ್ಕ ಹೊಂಟೈತಿ ನೋಡು" ಎಂದ. ನಿಜ, ಯಾರೂ ಹಿಡಿಯದಿದ್ದರೂ ತೆರೆಯ ಮೇಲಿನ ಆಟಗಾರ ಎಡಕ್ಕೇ ನಡೆಯುತ್ತಿದ್ದ. ಹುಬ್ಬಳ್ಳಿಯಲ್ಲಿ ವಿಚಾರಿಸಿದರೆ, "ರಿಪೇರಿ ಆಗೂದಿಲ್ರಿ, ಹೊಸಾದು ತಗೋರಿ" ಎಂದರು. ಕಂಟ್ರೋಲರಿನ ಬೆನ್ನಿಗೆ, ಬಿಚ್ಚಿದರೆ ವಾರಂಟಿ ಇಲ್ಲ ಎಂಬ ಚೀಟಿ. ವಾರಂಟಿಯ ಅವಧಿ ಎಂದೋ ಮುಗಿದಿತ್ತು. ಆದರೂ ಹುಡುಗ ಸ್ಕ್ರೂಡ್ರೈವರ್ ಹಿಡಿದು ಅನುಮಾನಿಸುತ್ತಿದ್ದ. "ಬಿಚ್ಚಿದ್ರ ತಪ್ಪಾಗತೈತೇನು?"

ಈ ಪ್ರಶ್ನೆ ನಮ್ಮ ಅಜ್ಜಂದಿರಿಗೆ ಬಂದಿರಲಾರದು. ಇಲ್ಲಿನ ಎರೆಹೊಲಗಳಲ್ಲಿ ಕುಂಟೆಯ ಕುಡ ಮೊಂಡಾದರೆ ಕಮ್ಮಾರನ ಕುಲುಮೆ ಇತ್ತು, ಕೂರಿಗೆ ಮುರಿದರೆ ಬಡಿಗನ ಅಂಗಳ ಇತ್ತು. ಸುಗ್ಗಿಯಲ್ಲಿ ಅವರಿಗೆ ಕಾಳಿನ ಆಯ ಸಲ್ಲುತ್ತಿತ್ತು. ಮಾಡಿಕೊಟ್ಟವನೇ ದುರಸ್ತಿಯನ್ನೂ ಮಾಡುತ್ತಿದ್ದ, ಹೊಲಕ್ಕೆ ತಕ್ಕಂತೆ ಬದಲಿಸಿಯೂ ಕೊಡುತ್ತಿದ್ದ. ಇಂದು ಮಾಡಿದವನು ಎಲ್ಲೋ ಇದ್ದಾನೆ, ಅವನ ಮುಖ ನಾವು ನೋಡಿಲ್ಲ. ವಸ್ತು ನಮ್ಮ ಕೈಯಲ್ಲಿದೆ, ಅದರ ಮೇಲಿನ ಮಾತು ಮಾತ್ರ ಅವನದು.

ಬಿಚ್ಚಿದೆವು. ಒಳಗೆ ನಿಗೂಢವಾದದ್ದೇನೂ ಇರಲಿಲ್ಲ. ಹೆಬ್ಬೆರಳಿನಿಂದ ಆಡಿಸುವ ಕಡ್ಡಿಯ ಬುಡದಲ್ಲಿ ಎರಡು ಪುಟ್ಟ ಪೊಟೆನ್ಶಿಯೋಮೀಟರುಗಳಿವೆ. ಒಂದು ಎಡಬಲಕ್ಕೆ, ಇನ್ನೊಂದು ಮೇಲೆ ಕೆಳಗೆ. ಅವುಗಳೊಳಗೆ ಇಂಗಾಲದ ಪಟ್ಟಿಯ ಮೇಲೆ ಲೋಹದ ನಾಲಗೆಯೊಂದು ಉಜ್ಜುತ್ತ ಓಡಾಡುತ್ತದೆ. ಪಟ್ಟಿ ಸವೆದರೆ ಅಥವಾ ದೂಳು ಕೂತರೆ, ಕಡ್ಡಿ ನಡುವೆ ನಿಂತಿದ್ದರೂ ಯಂತ್ರಕ್ಕೆ ಅದು ವಾಲಿದಂತೆ ಕಾಣುತ್ತದೆ. ದೂಳು ಒರೆಸಿದಾಗ ಎರಡು ದಿನ ಸರಿಯಿದ್ದು, ಮತ್ತೆ ಅದೇ ರೋಗ. ಕೊನೆಗೆ ಪೇಟೆಯ ಮೊಬೈಲ್ ರಿಪೇರಿಯವನಿಂದ ಬೆಸುಗೆ ಕಡ್ಡಿ ಎರವಲು ತಂದು ಬಿಡಿಭಾಗ ಬದಲಿಸಿದೆವು. ಉಜ್ಜಾಟವೇ ಇಲ್ಲದೆ, ಅಯಸ್ಕಾಂತದಿಂದ ಕೆಲಸ ಮಾಡುವ ಕಡ್ಡಿಗಳೂ ಇಂದು ಸಿಗುತ್ತವೆ. ಅವುಗಳ ಹಿಂದಿನ ತತ್ವವನ್ನು ಎಡ್ವಿನ್ ಹಾಲ್ 1879ರಲ್ಲೇ ಕಂಡುಹಿಡಿದಿದ್ದ.

ಕಂಪೆನಿಯ ಮಾತಿನಲ್ಲಿ ಹುರುಳೇ ಇಲ್ಲವೆನ್ನಲಾರೆ. ಲಿಥಿಯಂ ಬ್ಯಾಟರಿಗೆ ಮೊನೆ ತಾಗಿದರೆ ಬೆಂಕಿ ಹೊತ್ತಬಹುದು. ನಾವೇ ಕೆಡಿಸಿದ್ದನ್ನು ಅವರು ಪುಕ್ಕಟೆ ಸರಿಪಡಿಸಲಿ ಎನ್ನುವುದೂ ನ್ಯಾಯವಲ್ಲ. ಆದರೆ ಎಚ್ಚರಿಕೆ ಬೇರೆ, ನಿಷೇಧ ಬೇರೆ. 2018ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇಂಥ ವಾರಂಟಿ ಷರತ್ತುಗಳ ಬಗ್ಗೆ ಆರು ಕಂಪೆನಿಗಳಿಗೆ ಎಚ್ಚರಿಕೆಯ ಪತ್ರ ಬರೆಯಿತು. ಅವುಗಳಲ್ಲಿ ಗೇಮ್ ಯಂತ್ರ ಮಾರುವವೂ ಇದ್ದವು. ನಮ್ಮ ಕೇಂದ್ರ ಸರಕಾರ 2022ರ ಜುಲೈಯಲ್ಲಿ 'ದುರಸ್ತಿಯ ಹಕ್ಕಿ'ಗಾಗಿ ಸಮಿತಿಯೊಂದನ್ನು ನೇಮಿಸಿತು. ಅದು ಗಮನಕ್ಕೆ ತೆಗೆದುಕೊಂಡ ಕ್ಷೇತ್ರಗಳಲ್ಲಿ ಮೊಬೈಲಿನ ಜೊತೆ ಕೃಷಿ ಉಪಕರಣಗಳೂ ಇವೆ. ವಿಶ್ವಸಂಸ್ಥೆಯ ಲೆಕ್ಕದಂತೆ 2022ರಲ್ಲಿ ಜಗತ್ತು 6.2 ಕೋಟಿ ಟನ್ ಇ-ತ್ಯಾಜ್ಯ ಎಸೆಯಿತು. ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಯಾದದ್ದು ಅದರ ಕಾಲು ಭಾಗವೂ ಅಲ್ಲ. ಒಂದು ಬಿಡಿಭಾಗ ಸವೆದದ್ದಕ್ಕೆ ಇಡೀ ವಸ್ತುವನ್ನು ಎಸೆಯುವುದು ದುಂದು. ಬಿಚ್ಚಿ ನೋಡುವುದರಲ್ಲಿ ತಪ್ಪು ನನಗೆ ಕಾಣಲಿಲ್ಲ.

ನಿಜವಾದ ತೊಡಕು ಶುರುವಾದದ್ದು ಆಮೇಲೆ. ಬೆಸುಗೆ ಕೈಗೆ ಹತ್ತಿದ ಹುಡುಗನಿಗೆ ಎರಡು ಯೋಚನೆ ಬಂದವು. ಮೊದಲನೆಯದು ಟರ್ಬೋ. ಗುಂಡಿಯನ್ನು ಒಮ್ಮೆ ಒತ್ತಿ ಹಿಡಿದರೆ ಸೆಕೆಂಡಿಗೆ ಹತ್ತಾರು ಸಲ ಒತ್ತಿದಂತಾಗುವ ಏರ್ಪಾಡು. ಎರಡನೆಯದು ನನ್ನ ತಮ್ಮನ ಮಗಳಿಗಾಗಿ. ಅವಳ ಎಡಗೈಯಲ್ಲಿ ಹುಟ್ಟಿನಿಂದಲೇ ಬಲ ಕಡಿಮೆ, ಹೀಗಾಗಿ ಯಾವಾಗಲೂ ಪಕ್ಕದಲ್ಲಿ ಕೂತು ನೋಡುವವಳು. ಒಂದು ಗುಂಡಿಯಿಂದ ತಂತಿ ಹೊರಗೆಳೆದು, ಕಾಲಿನಿಂದ ಒತ್ತುವಂತೆ ಕಾಲಿಂಗ್ ಬೆಲ್ಲಿನ ಸ್ವಿಚ್ಚು ಕೂರಿಸುವುದು. ದೊಡ್ಡ ಕಂಪೆನಿಗಳಿಗೂ ಇದು ಹೊಳೆದಿದೆ. ಅಂಗವಿಕಲರಿಗೆಂದೇ ದೊಡ್ಡ ಗುಂಡಿಗಳಿರುವ, ಹೊರಗಿನ ಸ್ವಿಚ್ಚುಗಳನ್ನು ಜೋಡಿಸಬಹುದಾದ ಕಂಟ್ರೋಲರನ್ನು ಮೈಕ್ರೋಸಾಫ್ಟ್ 2018ರಲ್ಲಿ ಹೊರತಂದಿತು.

ಎರಡೂ ಬದಲಾವಣೆಗಳಿಗೆ ಬೇಕಾದದ್ದು ಅದೇ ತಂತಿ, ಅದೇ ಬೆಸುಗೆ. ತಯಾರಕನ ಅನುಮತಿ ಎರಡಕ್ಕೂ ಇಲ್ಲ. ಹಾಗಿದ್ದರೆ ಒಂದಕ್ಕೆ ಮನಸ್ಸು ಒಪ್ಪಿ, ಇನ್ನೊಂದಕ್ಕೆ ಅಳುಕುವುದೇಕೆ? "ಟರ್ಬೋ ಹಾಕಿದ್ದು ಗೆಳ್ಯಾರಿಗೆ ಹೇಳ್ತಿಯೇನು?" ಎಂದು ಕೇಳಿದೆ. ಹುಡುಗ ಸುಮ್ಮನಾದ. ತುಸು ಹೊತ್ತಿನ ಮೇಲೆ, "ಹೇಳಿ ಹಾಕಿದ್ರ ತಪ್ಪಲ್ಲಲ್ಲಾ?" ಎಂದ.

ಒಳ್ಳೆಯ ಪ್ರಶ್ನೆ. ಹೇಳಿದ ಮೇಲೂ ಎದುರಿನವನು ಆಡಲು ಒಪ್ಪಿದರೆ ಅದು ಮೋಸವಲ್ಲ, ಬೇರೊಂದು ಆಟ, ಅಷ್ಟೇ. ಮುಚ್ಚಿಟ್ಟಾಗ ಮಾತ್ರ ಅದು ಅವನ ಆಟವನ್ನು ಅವನಿಗೆ ಗೊತ್ತಿಲ್ಲದೆ ಕಸಿದುಕೊಳ್ಳುತ್ತದೆ. ಕಾಲಿನ ಸ್ವಿಚ್ಚಿನಲ್ಲಿ ಮುಚ್ಚಿಡುವಂಥದ್ದೇನಿಲ್ಲ. ಅದು ಯಾರನ್ನೂ ಮುಂದೆ ದೂಡದೆ, ಹೊರಗಿದ್ದವಳನ್ನು ಒಳಗೆ ಕರೆಯುತ್ತದೆ. ಕೊಂಡ ವಸ್ತುವಿನ ಮೇಲೆ ಮಾರಿದವನಿಗಿಂತ ನನ್ನ ಅಧಿಕಾರ ದೊಡ್ಡದು. ಆದರೆ ಆ ವಸ್ತುವಿನ ಮೂಲಕ ನಾನು ಇನ್ನೊಬ್ಬನನ್ನು ಮುಟ್ಟುವಾಗ ಆ ಅಧಿಕಾರಕ್ಕೆ ಮಿತಿ ಇದೆ, ಆ ಮಿತಿಯನ್ನು ಚೀಟಿ ಅಂಟಿಸುವವರು ಹೇಳಿಕೊಡಲಾರರು. ನಾವೇ ಕಲಿಯಬೇಕು, ಮಕ್ಕಳಿಗೂ ಕಲಿಸಬೇಕು.

ರಜೆ ಮುಗಿಯುವ ಹೊತ್ತಿಗೆ ಸ್ವಿಚ್ಚು ಸಿದ್ಧವಾಯಿತು. ಟರ್ಬೋದ ಮಾತನ್ನು ಹುಡುಗ ಮತ್ತೆ ಎತ್ತಲಿಲ್ಲ. ಬಿಟ್ಟನೋ, ನನಗೆ ಹೇಳಲಿಲ್ಲವೋ, ಕೇಳಲು ನಾನೂ ಹೋಗಲಿಲ್ಲ. ಮೊದಲ ದಿನವೇ ತಂಗಿಯ ಕೈಲಿ ಎರಡು ಸಲ ಸೋತು, "ಕಾಲು ಭಾಳ ಜೋರ ಅದಾವ ಇಕಿವು" ಎಂದು ನಗುತ್ತಿದ್ದ.